ಸೇವೆಯ ಉದ್ಯಾಪನೆ

ವ್ರತವನ್ನು ಕೈಗೊಳ್ಳುವ ವಿಧಿಯನ್ನು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಬಲ್ಲರು. ಅದನ್ನು ಮುಗಿಸುವ ವಿಧಿಯನ್ನು ಬಲ್ಲವರು ಅಷ್ಟು ಮಂದಿ ಇಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಸದಿಗಳಲ್ಲಿ ಅನಂತ ಚತುರ್ದಶಿಯ ದಿನ ಉಪವಾಸವಿದ್ದು ಅನಂತವ್ರತವನ್ನು ನಡೆಸುವ ಶ್ರಾವಿಕೆಯರನ್ನು ನಾವೆಲ್ಲ ಕಂಡಿದ್ದೇವೆ. ಆ ವ್ರತಕ್ಕೆ ೧೪ ವರ್ಷಗಳ ಅವಧಿ. ಆದರೆ ೧೪ ವರ್ಷ ತುಂಬಿದೊಡನೆ ವ್ರತವು ತಾನಾಗಿಯೇ ಮುಗಿಯಿತೆಂದು ನಮ್ಮ ಹಿರಿಯರು ಎಣಿಸಲಿಲ್ಲ. ಉದ್ಯಾಪನೆಯಾಗಬೇಕು, ವಿಧಿಪೂರ್ವಕವಾಗಿ ಪೂಜೆ ನಡೆಯಬೇಕು, ಬಸದಿಗೆ ಉಪಕರಣಗಳನ್ನೋ ಶಾಸ್ತ್ರಗ್ರಂಥಗಳನ್ನೋ, ಅಂದರೆ ಮುಂದೆ ಬರುವವರ ಉಪಯೋಗಕ್ಕೆ ಬೀಳುವ ಏನನ್ನಾದರೂ, ಕೊಟ್ಟು ಬರಬೇಕು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನೇ ಇಮ್ಮಡಿ ಕಾಲ ನಡೆಸತಕ್ಕದ್ದೆಂದು ವ್ರತಕಥೆಗಳು ವಿಧಿಸುತ್ತವೆ. ಈ ಇಮ್ಮಡಿಯ ನಿಯಮವನ್ನು ಕೇಳಿ ಹೊಸ ತಲೆಮಾರಿನವರು ನಗುವುದುಂಟು. ಆದರೆ ಅದರ ಅಭಿಪ್ರಾಯ ಗಂಭೀರವಾದುದು. ಹಿಡಿದುದನ್ನು ಕ್ರಮವಾಗಿ ಬಿಡಲು ಆಗದಿದ್ದವರು ಅದನ್ನು ಇನ್ನೂ ಹಿಡಿದೇ ಇದ್ದಾರೆಂದು ಹಿರಿಯರು ತಿಳಿದಿದ್ದರು.

ವ್ರತದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು ಸೇವೆಯ ವಿಷಯದಲ್ಲಿ ಆ ಎಚ್ಚರವನ್ನು ತೋರುವುದಿಲ್ಲ. ಇಲ್ಲಿ ವಿಚಾರಿಸಹೊರಟಿರುವುದು ಒಂದು ಸಣ್ಣ ಪ್ರಸಂಗವನ್ನು. ವಿರಳ ರೋಗಪೀಡಿತರ ನೆರವಿಗೆಂದು ಇರುವ ಧರ್ಮಾರ್ಥ ಸಂಸ್ಥೆಯೊಂದರಲ್ಲಿ ಕೆಲವು ವರ್ಷ ದುಡಿದ ಕಾರ್ಯಕರ್ತೆಯೊಬ್ಬಳು ಕೆಲಸ ಬಿಟ್ಟು ಹೊರಟಿದ್ದಾಳೆಂದು ಭಾವಿಸೋಣ. ನಮ್ಮ ಕಡೆಯವರು ನಿರೋಪ ಸಮಾರಂಭ ಎನ್ನುವ ಒಂದು ಸಭೆ ನಡೆಯುತ್ತದೆ. ಶಾಲು, ಹಾರ, ಫಲತಾಂಬೂಲ. ನಮ್ಮ ಸೀಮೆಯವಳಾದರೆ ಗೋಕಾಕ ಕರದಂಟಿನ ಡಬ್ಬಿಯೂ ಒಂದು. ನಾಲ್ವರು ಎದ್ದು ನಿಂತು ಆಕೆಯ ಗುಣಗಾನ ಮಾಡುತ್ತಾರೆ, ಆಕೆ ಕಣ್ಣೊರೆಸಿಕೊಳ್ಳುತ್ತಾಳೆ, ಚಹಾ ಆಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಇದು ಉದ್ಯಾಪನೆಯೇ ಎಂಬುದು ಪ್ರಶ್ನೆ. ಹೋಗುವವಳು ಏನನ್ನು ಬಿಟ್ಟುಹೋಗಬೇಕು, ಏನನ್ನು ಕೊಂಡೊಯ್ಯಬಾರದು, ಯಾವುದನ್ನು ಹೊರಗೆ ಹೋದ ಮೇಲೂ ಬಿಡುವಂತಿಲ್ಲ ಎಂಬ ಮೂರು ಮಾತುಗಳು ಆ ಸಭೆಯಲ್ಲಿ ಬರುವುದೇ ಇಲ್ಲ.

ವಿರಳ ರೋಗವೆಂದರೇನೆಂಬುದನ್ನು ಮೊದಲು ಅರಿತುಕೊಳ್ಳಬೇಕು. ಸಾವಿರ ಜನರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಮೆ ಪ್ರಮಾಣದಲ್ಲಿ, ಬಂದು ಜೀವಮಾನವಿಡೀ ಕಾಡುವ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಹಾಗೆಂದು ಕರೆಯುತ್ತದೆ. ಇಂಥವು ಏಳೆಂಟು ಸಾವಿರ ಬಗೆಯವು ಇವೆ ಎಂಬುದು ಅಂದಾಜು. ಬಹುಪಾಲು ಹುಟ್ಟಿನಿಂದಲೇ, ಅನುವಂಶೀಯವಾಗಿ ಬರುವಂಥವು. ಅವುಗಳಲ್ಲಿ ನೂರಕ್ಕೆ ೯೫ಕ್ಕೆ ಒಪ್ಪಿತವಾದ ಔಷಧವಿಲ್ಲ. ಔಷಧವಿರುವ ಕೆಲವು ಕಾಯಿಲೆಗಳ ಕಥೆಯೂ ಸುಲಭವಲ್ಲ. ಗೋಶೆ, ಪಾಂಪೆ ಮೊದಲಾದ ರೋಗಗಳಲ್ಲಿ ಶರೀರಕ್ಕೆ ಬೇಕಾದ ಒಂದು ಕಿಣ್ವ ತಯಾರಾಗುವುದಿಲ್ಲ. ಅದನ್ನು ಹದಿನೈದು ದಿನಗಳಿಗೊಮ್ಮೆ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡಬೇಕು, ಬದುಕಿರುವವರೆಗೂ ಕೊಡಬೇಕು. ಮಗುವಿನ ತೂಕ ಹೆಚ್ಚಿದಂತೆ ಔಷಧದ ಪ್ರಮಾಣವೂ ಹೆಚ್ಚು, ಬೆಲೆಯೂ ಹೆಚ್ಚು. ಹತ್ತು ಕಿಲೋ ತೂಕದ ಮಗುವಿಗೆ ಇಂತಹ ಚಿಕಿತ್ಸೆಗೆ ವರ್ಷಕ್ಕೆ ೧೦ ಲಕ್ಷದಿಂದ ಒಂದು ಕೋಟಿ ರೂಪಾಯಿಗೂ ಮೀರಿ ತಗಲಬಹುದೆಂದು ೨೦೨೧ರಲ್ಲಿ ಪ್ರಕಟವಾದ ಭಾರತ ಸರ್ಕಾರದ ವಿರಳ ರೋಗ ನೀತಿಯೇ ಹೇಳಿದೆ. ಆ ನೀತಿಯಂತೆ ದೊರೆಯುವ ನೆರವನ್ನು ೨೦೨೨ರಲ್ಲಿ ೫೦ ಲಕ್ಷ ರೂಪಾಯಿವರೆಗೆ ಏರಿಸಲಾಯಿತು. ಜೀವಮಾನದ ಚಿಕಿತ್ಸೆಗೆ ಅದು ಎಷ್ಟು ದಿನ ಬಾಳೀತೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು. ಮಗು ಬೆಳೆಯುತ್ತಿದೆಯೆಂಬ ಸಂತೋಷವೇ ತಾಯಿತಂದೆಗಳಿಗೆ ಚಿಂತೆಯಾಗುವ ವಿಚಿತ್ರ ಸ್ಥಿತಿ ಇದು.

ಮೂಡಲಗಿಯ ಸಮೀಪದ ಹಳ್ಳಿಯ ಒಂದು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಎರಡೆಕರೆ ಕಬ್ಬು, ಒಂದು ಜೋಡಿ ಎಮ್ಮೆ. ಮಗುವಿನ ಹೊಟ್ಟೆ ಉಬ್ಬುತ್ತದೆ, ನಡಿಗೆ ತಡವಾಗುತ್ತದೆ. ಊರ ವೈದ್ಯರು, ಗೋಕಾಕದ ವೈದ್ಯರು, ಬೆಳಗಾವಿಯ ದೊಡ್ಡ ಆಸ್ಪತ್ರೆ, ನಡುವೆ ಹರಕೆ, ಯಂತ್ರ. ಕೊನೆಗೊಮ್ಮೆ ಯಾರೋ ಬೆಂಗಳೂರಿಗೆ ಹೋಗಿರೆನ್ನುತ್ತಾರೆ. ಘಟಪ್ರಭಾ ನಿಲ್ದಾಣದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿ, ರಾತ್ರಿಯೆಲ್ಲ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬೆಳಗ್ಗೆ ಗೊತ್ತಿಲ್ಲದ ಮಹಾನಗರದಲ್ಲಿ ಇಳಿಯುತ್ತಾರೆ. ರಾಷ್ಟ್ರೀಯ ನೀತಿಯಡಿ ಕರ್ನಾಟಕಕ್ಕೆ ಗೊತ್ತುಪಡಿಸಿದ ಕೇಂದ್ರ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಅದರೊಡನೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಆಗಿವೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಆ ತಾಯಿ ತನ್ನ ಕಥೆಯನ್ನು ಹತ್ತು ಕಡೆ ಹೇಳಿ ಬಳಲಿರುತ್ತಾಳೆ. ಹತ್ತು ಕಡೆಯೂ ಕೇಳಿದವರು ರೋಗದ ಹೆಸರನ್ನೇ ಕೇಳಿರುವುದಿಲ್ಲ. ಹನ್ನೊಂದನೆಯ ಬಾರಿ ಕೇಳುವವಳು ನಮ್ಮ ಈ ಕಾರ್ಯಕರ್ತೆ. ಆಕೆಗೆ ರೋಗದ ಹೆಸರು ಗೊತ್ತು. ಅದೇ ರೋಗವುಳ್ಳ ಇನ್ನೊಂದು ಮನೆ ಹುಕ್ಕೇರಿ ತಾಲೂಕಿನಲ್ಲಿದೆಯೆಂಬುದೂ ಗೊತ್ತು. "ನಿಮ್ಮಂಥವರು ಇನ್ನೂ ಇದ್ದಾರೆ" ಎಂಬ ಒಂದೇ ಮಾತು ಆ ತಾಯಿಗೆ ಔಷಧಕ್ಕಿಂತ ಮೊದಲು ದೊರೆಯುವ ಔಷಧ.

ಅಂದಿನಿಂದ ಆ ಮನೆಯ ಎಲ್ಲ ಸಂಗತಿಯೂ ಆಕೆಯ ತಲೆಯಲ್ಲಿ ಸೇರುತ್ತದೆ. ಔಷಧದ ಸೀಸೆ ಎರಡರಿಂದ ಎಂಟು ಡಿಗ್ರಿ ಶೈತ್ಯದಲ್ಲಿರಬೇಕು. ಅದು ಯಾವ ದಿನ ಬರುತ್ತದೆ, ಯಾವ ಗುಮಾಸ್ತರಿಗೆ ಎರಡು ದಿನ ಮೊದಲೇ ನೆನಪಿಸಬೇಕು, ಕಾಗದಪತ್ರದಲ್ಲಿ ಮಗುವಿನ ಹೆಸರು ಎಲ್ಲಿ ತಪ್ಪಾಗಿ ಬಿದ್ದಿದೆ, ಮಗುವಿನ ಯಾವ ಕೈಯಲ್ಲಿ ನರ ಸುಲಭವಾಗಿ ಸಿಗುತ್ತದೆ, ತಂದೆ ಎಂದು ಧೈರ್ಯಗೆಡುತ್ತಾನೆ, ಅಜ್ಜಿಗೆ ಏನು ಹೇಳಿಲ್ಲ. ಸಾಮಾನ್ಯ ಕಾಯಿಲೆಗಳಲ್ಲಿ ಈ ತಿಳಿವಳಿಕೆ ನೂರು ಜನರಲ್ಲಿ ಹಂಚಿಹೋಗಿರುತ್ತದೆ. ಒಬ್ಬ ಕಾಂಪೌಂಡರ್ ಹೋದರೆ ಇನ್ನೊಬ್ಬನಿಗೆ ಸಕ್ಕರೆ ಕಾಯಿಲೆ ಹೊಸದೇನಲ್ಲ. ವಿರಳ ರೋಗದಲ್ಲಿ ಹಾಗಲ್ಲ. ಇಲ್ಲಿ ಒಬ್ಬ ವ್ಯಕ್ತಿ ಹೊರಟರೆ ಹಲವು ಮನೆಗಳ ನೆನಪೇ ಎದ್ದು ಹೊರಡುತ್ತದೆ. ಹನ್ನೆರಡನೆಯ ಬಾರಿ ಮತ್ತೆ ಮೊದಲಿನಿಂದ ಕಥೆ ಹೇಳಬೇಕಾದ ಪ್ರಸಂಗ ಆ ತಾಯಿಗೆ ಬರುತ್ತದೆ. "ಅಕ್ಕಾರ, ನೀವೂ ಹೊಂಟ್ರಿ?" ಎಂದು ಆಕೆ ಕೇಳಿದರೆ ಅದರಲ್ಲಿ ಆಕ್ಷೇಪಣೆಗಿಂತ ಬಳಲಿಕೆಯೇ ಹೆಚ್ಚು.

ಇಂತಹ ಸಂಸ್ಥೆಯಲ್ಲಿ ಎರಡು ತರದ ಜನರು ಒಟ್ಟಿಗೆ ದುಡಿಯುತ್ತಾರೆ. ಅದನ್ನು ಗಮನಿಸದೆ ಬೀಳ್ಕೊಡುಗೆಯ ಧರ್ಮ ತಿಳಿಯದು. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ ಡಾ. ಸುರೇಶ ಹನಗವಾಡಿಯವರು ರೋಗಶಾಸ್ತ್ರದ ವೈದ್ಯರು. ತಾವೇ ಹುಟ್ಟಿನಿಂದ ಆ ರಕ್ತಸ್ರಾವದ ಕಾಯಿಲೆಯುಳ್ಳವರು. ೨೦೧೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆರ್ಗನೈಸೇಶನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಎಂಬ ಸಂಸ್ಥೆಯ ಸಂಸ್ಥಾಪಕರಲ್ಲಿ ಒಬ್ಬರಾದ ಪ್ರಸನ್ನ ಶಿರೋಳರು ಪಾಂಪೆ ರೋಗವಿದ್ದ ಮಗಳ ತಂದೆ. ಆ ಮಗಳು ೨೦೨೩ರಲ್ಲಿ ತೀರಿಕೊಂಡಳು. ದೇಶದ ಹಿಮೋಫಿಲಿಯಾ ಒಕ್ಕೂಟವನ್ನು ೧೯೮೩ರಲ್ಲಿ ಸ್ಥಾಪಿಸಿದ ಅಶೋಕ ವರ್ಮರೂ ಅದೇ ರೋಗಿಯಾಗಿದ್ದವರು. ಇಂಥವರಿಗೆ ರಾಜೀನಾಮೆಯೆಂಬುದಿಲ್ಲ. ಕಚೇರಿಯ ಬಾಗಿಲು ಹಾಕಿದರೂ ಕಾಯಿಲೆ ಮನೆಯೊಳಗಿದೆ, ಇಲ್ಲವೆ ಮೈಯೊಳಗಿದೆ. ಅವರ ಪಕ್ಕದ ಮೇಜಿನಲ್ಲಿ ಕುಳಿತವಳಾದರೋ ವಿದ್ಯಾಭ್ಯಾಸ ಮುಗಿಸಿ ಸಂಬಳಕ್ಕೆ ಬಂದವಳು. ಆಕೆಗೆ ಬಾಗಿಲು ತೆರೆದಿದೆ. ಬೀಳ್ಕೊಡುಗೆಯೆಂದರೆ ಹೋಗಬಲ್ಲವಳು ಹೋಗಲಾರದವರಿಂದ ಅಪ್ಪಣೆ ಬೇಡುವ ಪ್ರಸಂಗ. ಸಭೆಯಲ್ಲಿ ಉಂಟಾಗುವ ಮುಜುಗರದ ಮೂಲ ಇದೇ. ಹಾಡಿ ಹೊಗಳಿ ಅದನ್ನು ಮುಚ್ಚುತ್ತೇವೆ, ಅಷ್ಟೆ.

ಹಾಗಾದರೆ ಹೋಗುವುದೇ ದೋಷವೆ? ಈ ಪ್ರಶ್ನೆಗೆ ನಮ್ಮ ಆಚಾರ್ಯರು ಬಹು ಹಿಂದೆಯೇ ಒಂದು ಸ್ಪಷ್ಟವಾದ ಭೇದವನ್ನು ಮಾಡಿಟ್ಟಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ಬಗೆಯೆನ್ನುತ್ತಾರೆ. ಕಾಲಮಿತಿಯಿಂದ ಕೈಗೊಂಡದ್ದು ನಿಯಮ. ಜೀವವಿರುವವರೆಗೆ ಕೈಗೊಂಡದ್ದು ಯಮ. ನಿಯಮವನ್ನು ಯಮಕ್ಕಿಂತ ಕೀಳೆಂದು ಅವರು ತಿರಸ್ಕರಿಸಲಿಲ್ಲ, ಎರಡೂ ವಿಹಿತವೆಂದರು. ಒಂದು ತಿಂಗಳು ಹಸಿರು ಬಿಟ್ಟ ಶ್ರಾವಿಕೆ ತಿಂಗಳು ಮುಗಿದ ಮೇಲೆ ಉಂಡರೆ ವ್ರತಭಂಗವಾಯಿತೆಂದು ಯಾರೂ ಹೇಳುವುದಿಲ್ಲ. ಸಂಬಳದ ಮೇಲೆ ಬಂದು, ಮಾಡುವಷ್ಟು ಕಾಲ ನಿಷ್ಠೆಯಿಂದ ಮಾಡಿದವಳ ಸೇವೆ ನಿಯಮರೂಪವಾದುದು. ಅದನ್ನು ಯಮವೆಂದು ಅವಳ ಕೊರಳಿಗೆ ಕಟ್ಟುವ ಅಧಿಕಾರ ಸಂಸ್ಥೆಗಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವುಂಟು. ಸೇವೆ ಎಂಬ ಪದವನ್ನು ಮುಂದಿಟ್ಟು ಕಡಮೆ ಸಂಬಳ ಕೊಡುವ ಪದ್ಧತಿ ನಮ್ಮ ಧರ್ಮಾರ್ಥ ಸಂಸ್ಥೆಗಳಲ್ಲಿ ಬೇರೂರಿದೆ. ಮನೆಯಲ್ಲಿ ಮುದಿ ತಾಯಿತಂದೆಗಳಿದ್ದು, ಬಾಡಿಗೆ ಕಟ್ಟಬೇಕಾದ ಹುಡುಗಿ ಹೆಚ್ಚಿನ ಸಂಬಳದ ಕೆಲಸಕ್ಕೆ ಹೊರಟರೆ "ಸೇವಾಭಾವ ಕಡಮೆಯಾಯಿತು" ಎನ್ನುವವರು ತಮ್ಮ ಅಂಗಡಿಯ ಲೆಕ್ಕಣಿಗನ ವಿಷಯದಲ್ಲಿ ಹಾಗೆನ್ನುತ್ತಾರೆಯೆ? ಇನ್ನು ಬಳಲಿಕೆಯಿಂದ ಹೊರಡುವವರು. ಕೂಸಿದ್ದಾಗಿನಿಂದ ಕಂಡ ಮಕ್ಕಳನ್ನು ಒಂದೊಂದಾಗಿ ಕಳೆದುಕೊಳ್ಳುವ ಕೆಲಸವಿದು. ಮೂರನೆಯ ಮಗುವಿನ ಮನೆಗೆ ಸಂತಾಪಕ್ಕೆ ಹೋಗಿ ಬಂದ ಮೇಲೆ ನಾಲ್ಕನೆಯ ಮಗುವಿನ ಮುಖ ನೋಡಲು ಹೆದರುವವಳನ್ನು ಹೇಡಿಯೆನ್ನಲಾಗದು.

ಸಮಂತಭದ್ರರ ಚರಿತ್ರೆಯನ್ನೇ ನೆನೆಯಿರಿ. ಅವರಿಗೆ ಬಂದ ಭಸ್ಮಕವ್ಯಾಧಿ, ಉಂಡುದೆಲ್ಲ ಬೂದಿಯಾಗಿ ಹಸಿವು ಅಡಗದ ಆ ಕಾಯಿಲೆ, ವಿರಳ ರೋಗವೇ ಸರಿ. ಮಣುವಕಹಳ್ಳಿಯಲ್ಲಿದ್ದಾಗ ವ್ಯಾಧಿ ಉಲ್ಬಣಿಸಲು ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ಅದನ್ನು ಕೊಡದೆ, ನಿನ್ನಿಂದ ಆಗಬೇಕಾದ ಕಾರ್ಯ ಇನ್ನೂ ಬಹಳವಿದೆ, ಸದ್ಯಕ್ಕೆ ಮುನಿದೀಕ್ಷೆಯನ್ನು ಇಳಿಸಿ ವ್ಯಾಧಿಯನ್ನು ಶಮನ ಮಾಡಿಕೊಂಡು ಮರಳಿ ಬಾ ಎಂದು ಕಳಿಸಿಕೊಟ್ಟರೆಂದೂ ಕಥೆ. ಇಲ್ಲಿ ಗುರುಗಳು ಮಾಡಿದ್ದು ಒಂದು ಬೀಳ್ಕೊಡುಗೆ. ಯಮವಾಗಿ ಹಿಡಿದ ಮಹಾವ್ರತದಿಂದಲೇ, ಅದಕ್ಕಿಂತ ದೊಡ್ಡ ಪ್ರಯೋಜನಕ್ಕಾಗಿ, ಅಪರಾಧದ ಹೊರೆ ಹೊರಿಸದೆ ಶಿಷ್ಯನನ್ನು ಬಿಟ್ಟುಕೊಟ್ಟರು. ಕಚೇರಿಯ ಕೆಲಸಗಾರ್ತಿಗೆ ನಾವು ಅಷ್ಟನ್ನೂ ಮಾಡಲಾರದೆ ಹೋದರೆ ಹೇಗೆ?

ಹೋಗುವುದು ದೋಷವಲ್ಲ ಎಂದಮಾತ್ರಕ್ಕೆ ಹೇಗೆ ಹೋದರೂ ನಡೆಯುತ್ತದೆಂದು ಅರ್ಥವಲ್ಲ. ಪ್ರಮಾದಯೋಗದಿಂದ ಪ್ರಾಣಕ್ಕೆ ಪೀಡೆಯಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಕೆಲಸ ಬಿಡುವುದು ಹಿಂಸೆಯಲ್ಲ. ಔಷಧ ಬರುವ ದಿನವನ್ನು ಯಾರಿಗೂ ತಿಳಿಸದೆ ಬಿಡುವುದು ಪ್ರಮಾದ, ಅದರಿಂದ ಒಂದು ಮಗುವಿಗೆ ಎರಡು ಬಾರಿಯ ಚಿಕಿತ್ಸೆ ತಪ್ಪಿದರೆ ಅದು ಹಿಂಸೆ. ಇಲ್ಲಿ ಇನ್ನೊಂದು ಊರಿನ ಮಾತು ನೆನಪಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು. ಸೊಂಟ, ಮೊಣಕಾಲುಗಳ ಕೀಲುಗಳನ್ನು ಕೆಡಿಸಿ ಮನುಷ್ಯನನ್ನು ಕುಗ್ಗಿಸುವ, ಲೋಕದಲ್ಲಿ ಬಹು ಅಪರೂಪವಾದ ಒಂದು ರೋಗ ೧೯೭೦ರ ದಶಕದ ನಡುವಿನಲ್ಲಿ ಅಲ್ಲಿಯ ದಲಿತ ಕುಟುಂಬಗಳಲ್ಲಿ ಗುರುತಿಸಲ್ಪಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರೂ ಸೇರಿ ಅನೇಕ ತಂಡಗಳು ಬಂದವು, ರಕ್ತ ತೆಗೆದವು, ಎಲುಬಿನ ಚಿತ್ರ ತೆಗೆದವು, ಹೋದವು. ರೋಗಕ್ಕೆ ಊರಿನ ಹೆಸರು ಬಂತು. ಬೇರಿನಿಂದ ಕೀಳುವ ಮದ್ದು ಬರಲಿಲ್ಲ. ಬಂದವರೆಲ್ಲ ಒಳ್ಳೆಯ ಉದ್ದೇಶದವರೇ ಇದ್ದಿರಬೇಕು. ಆದರೂ ಹೊಸಬರು ಬಂದು ಹಳೆಯ ಪ್ರಶ್ನೆಗಳನ್ನೇ ಕೇಳುವುದೆಂದರೆ ಏನೆಂಬುದನ್ನು ಅಂಥ ಊರಿನವರಷ್ಟು ಬಲ್ಲವರಿಲ್ಲ.

ಆದುದರಿಂದ ಬಿಟ್ಟುಹೋಗಬೇಕಾದುದರ ವಿಚಾರ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಒಬ್ಬರು ನಂಬಿ ಇಟ್ಟ ಒತ್ತೆಯನ್ನು ಮರಳಿಸುವಾಗ ಪೂರ್ತಿಯಾಗಿ ಮರಳಿಸದಿರುವುದು. ಹಣವನ್ನೋ ಬಂಗಾರವನ್ನೋ ಕುರಿತು ಈ ಮಾತೆಂದು ನಾವು ಓದಿಕೊಂಡು ಬಂದಿದ್ದೇವೆ. ಆದರೆ ಆ ತಾಯಿ ಕಾರ್ಯಕರ್ತೆಯ ಬಳಿ ಇಟ್ಟುದು ಏನು? ತನ್ನ ಮನೆಯ ಕಥೆಯನ್ನು. ಅದು ಆಕೆಯ ಜಾಣ್ಮೆಯ ಸಂಪಾದನೆಯಲ್ಲ, ಒತ್ತೆ. ಹೊರಡುವಾಗ ಅದನ್ನು ತಲೆಯಲ್ಲೇ ಹೊತ್ತುಕೊಂಡು ಹೋದರೆ, ಬೇಕೆಂದೇ ಮಾಡದಿದ್ದರೂ, ಒತ್ತೆ ಮರಳಿದಂತಾಗಲಿಲ್ಲ. ಉದ್ಯಾಪನೆಯ ಶಾಸ್ತ್ರದಾನವೆಂದು ನಾವು ಕರೆಯುವುದಕ್ಕೆ ಸಮನಾದುದು ಇಲ್ಲಿ ಒಂದು ವಹಿ. ಮನೆಮನೆಗೆ ಒಂದು ಪುಟ, ಓದಲು ಬರುವ ಅಕ್ಷರದಲ್ಲಿ. ಅದನ್ನು ಕೊನೆಯ ವಾರ ಬರೆಯಹೊರಟರೆ ಆಗದು. ಸೇವೆಗೆ ಸೇರಿದ ದಿನದಿಂದ ಬರೆಯುತ್ತ ಬಂದವಳು ಮಾತ್ರ ಬರೆದು ಮುಗಿಸಬಲ್ಲಳು.

ವಹಿಯನ್ನು ಕೊಡಬಹುದು, ವಿಶ್ವಾಸವನ್ನು ಕೊಡುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಸಮಂಜಸವಾದ ಪ್ರಶ್ನೆ. ಆ ತಾಯಿ ನಂಬಿದ್ದು ಸಂಸ್ಥೆಯನ್ನಲ್ಲ, ಈ ಹುಡುಗಿಯನ್ನು. ನಿಜ ಹೇಳಬೇಕೆಂದರೆ ಆ ನಂಬಿಕೆ ಹುಡುಗಿಗೂ ಪ್ರಿಯವಾದುದು. "ನನ್ನ ಮನೆಗಳು", "ನನ್ನ ಮಕ್ಕಳು" ಎಂಬ ಮಾತು ಸೇವೆ ಮಾಡುವವರ ಬಾಯಲ್ಲಿ ಬಹು ಬೇಗ ಬರುತ್ತದೆ. ಬಂದಾಗ ನಾವು ಮೆಚ್ಚುತ್ತೇವೆ. ನನಗೋ ಆ 'ನನ್ನ' ಎಂಬುದರ ಮೇಲೆ ಸಂಶಯ. ಹೊಲ, ಮನೆ, ಧನ, ಧಾನ್ಯಗಳ ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಶ್ರಾವಕರು ಕೂಡ ತಮ್ಮನ್ನು ಆಶ್ರಯಿಸಿದವರ ಕೃತಜ್ಞತೆಯನ್ನು ಪರಿಗ್ರಹವೆಂದು ಎಣಿಸುವುದಿಲ್ಲ. ಹೋಗುವ ದಿನ ಅದು ಎಷ್ಟು ಭಾರವೆಂದು ತಿಳಿಯುತ್ತದೆ. ತನ್ನ ಬದಲು ಬಂದವಳು ತನ್ನಷ್ಟು ಚೆನ್ನಾಗಿ ಮಾಡಲಾರಳೆಂಬ ಒಂದು ಗುಪ್ತವಾದ ಆಸೆ ಮನಸ್ಸಿನ ಮೂಲೆಯಲ್ಲಿ ಉಳಿದಿದ್ದರೆ ಆಕೆ ಇನ್ನೂ ಏನನ್ನೂ ಬಿಟ್ಟಿಲ್ಲ.

ಈ ಭಾರವನ್ನು ಇಳಿಸಿದ ಮಹನೀಯರ ನಿದರ್ಶನ ನಮಗೆ ದೂರದ್ದಲ್ಲ. ನಮ್ಮ ನೆರೆಯ ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ೧೯೪೬ರಲ್ಲಿ ಹುಟ್ಟಿದ ವಿದ್ಯಾಸಾಗರರಿಗೆ ಅವರ ಗುರುಗಳಾದ ಜ್ಞಾನಸಾಗರರು ೧೯೭೨ರ ನವೆಂಬರ್ ೨೨ರಂದು ರಾಜಸ್ಥಾನದ ನಸೀರಾಬಾದಿನಲ್ಲಿ ಆಚಾರ್ಯಪದವನ್ನು ಒಪ್ಪಿಸಿದರು. ಒಪ್ಪಿಸಿ ಅಷ್ಟಕ್ಕೆ ನಿಲ್ಲಲಿಲ್ಲ. ಎತ್ತರದ ಆಸನದಲ್ಲಿ ಶಿಷ್ಯನನ್ನು ಕೂರಿಸಿ, ತಾವು ಕೆಳಗೆ ಕುಳಿತು, ತಮ್ಮ ಸಲ್ಲೇಖನಕ್ಕೆ ಆ ಶಿಷ್ಯನೇ ನಿರ್ಯಾಪಕಾಚಾರ್ಯನಾಗಬೇಕೆಂದು ಬೇಡಿಕೊಂಡರು. ೧೯೭೩ರ ಜೂನ್ ೧ರಂದು ಶಿಷ್ಯನ ಆರೈಕೆಯಲ್ಲೇ ಅವರ ಸಮಾಧಿಯಾಯಿತು. ಜನರ ಎದುರಿಗೆ ಕೆಳಗೆ ಕುಳಿತ ಆ ಒಂದು ಕ್ರಿಯೆಯಿಂದ ಸಂಘದ ಶ್ರದ್ಧೆಯೆಲ್ಲ ಹಳೆಯ ಗುರುವಿನಿಂದ ಹೊಸ ಗುರುವಿಗೆ ದಾಟಿತು. ಮಾತಿನಿಂದ ಅದು ದಾಟುತ್ತಿರಲಿಲ್ಲ. ಅದಕ್ಕೂ ಮೊದಲು, ೧೯೫೫ರಲ್ಲಿ, ಭೋಜದ ಶಾಂತಿಸಾಗರ ಮಹಾರಾಜರು ಕುಂಥಲಗಿರಿಯಲ್ಲಿ ಸಲ್ಲೇಖನದಲ್ಲಿದ್ದು, ದೂರದ ಜಯಪುರದಲ್ಲಿದ್ದ ವೀರಸಾಗರರಿಗೆ ಆಚಾರ್ಯಪದವನ್ನು ಬರಹದ ಮೂಲಕ ಕಳಿಸಿಕೊಟ್ಟರು. ಎದುರಿಗಿಲ್ಲದವರಿಗೂ ಒಪ್ಪಿಸುವ ಕ್ರಮವುಂಟೆಂಬುದಕ್ಕೆ ಅದು ಪ್ರಮಾಣ. ಭಗವತೀ ಆರಾಧನೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗಣವನ್ನು ಒಪ್ಪಿಸಿದ ಆಚಾರ್ಯರು ಎಲ್ಲರ ಕ್ಷಮೆ ಬೇಡಿ ಆ ಗಣವನ್ನೇ ಬಿಟ್ಟು ಪರಗಣಕ್ಕೆ ಹೋಗಬೇಕೆನ್ನುತ್ತದೆ. ಅಲ್ಲಿಯೇ ಉಳಿದರೆ ಶಿಷ್ಯರ ಮೇಲಿನ ಮೋಹ, ಆಜ್ಞೆ ಮಾಡುವ ಅಭ್ಯಾಸ ಇವು ಬಿಡವು ಎಂಬುದನ್ನು ಆ ಗ್ರಂಥಕಾರರು ಚೆನ್ನಾಗಿ ಅರಿತಿದ್ದರು.

ಮುನಿಗಳ ಮಹಾಕಾರ್ಯಕ್ಕೂ ಕಚೇರಿಯ ಕೆಲಸಕ್ಕೂ ಹೋಲಿಕೆಯೇ ಎಂದು ಯಾರಾದರೂ ಆಕ್ಷೇಪಿಸಬಹುದು. ದೊಡ್ಡ ದೀಪದಿಂದ ಸಣ್ಣ ದೀಪ ಹಚ್ಚಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮೂಡಲಗಿಯ ಆ ಮನೆಗೆ ಹೊಸಬಳನ್ನು ಕರೆದುಕೊಂಡು ಹೋಗಿ, ಈ ಸಲ ತಾನು ಮಾತಾಡದೆ ಪಕ್ಕದಲ್ಲಿ ಕುಳಿತು, ಮಗುವಿನ ಕೈಯನ್ನು ಹೊಸಬಳ ಕೈಗೆ ಕೊಡುವುದು ಸಾಧ್ಯ. ಎರಡನೆಯ ಸಲ ಹೊಸಬಳೇ ಮುಂದೆ, ಇವಳು ಬಾಗಿಲ ಬಳಿ. ಎರಡು ಪ್ರಯಾಣದ ಖರ್ಚು ಸಂಸ್ಥೆಗೆ ದೊಡ್ಡದಲ್ಲ, ಶಾಲಿಗಿಂತ ಸ್ವಲ್ಪ ಹೆಚ್ಚಾದೀತು.

ಇನ್ನು ಎಂದಿಗೂ ಬಿಡಬಾರದ ಸಂಗತಿಗೆ ಬರೋಣ. ಇದರ ಬಗ್ಗೆ ನಮ್ಮ ಸಮಾಜದಲ್ಲಿ ವಿಶೇಷವಾಗಿ ಮಾತಾಡಬೇಕಾಗಿದೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ತಂದೆತಾಯಿ ಇಬ್ಬರಲ್ಲೂ ಒಂದೇ ದೋಷಬೀಜವಿದ್ದರೆ, ಇಬ್ಬರೂ ಆರೋಗ್ಯವಂತರಾಗಿದ್ದರೂ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ರಕ್ತಸಂಬಂಧದ ಮದುವೆಯಲ್ಲಿ ಹಾಗೆ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಹಿಮೋಫಿಲಿಯಾದ ರೀತಿ ಬೇರೆ: ತಾಯಿ ದೋಷಬೀಜವನ್ನು ಹೊತ್ತವಳಾಗಿದ್ದರೆ ಪ್ರತಿ ಗಂಡುಮಗುವಿಗೆ ರೋಗ ಬರುವ ಸಂಭವ ಅರ್ಧ, ಪ್ರತಿ ಹೆಣ್ಣುಮಗು ಅದೇ ಬೀಜವನ್ನು ಹೊರುವ ಸಂಭವ ಅರ್ಧ. ಆದುದರಿಂದ ಒಂದು ಮಗುವಿನ ರಕ್ತ ಪರೀಕ್ಷೆಯಾದಾಗ ಅದರ ಅಕ್ಕನ, ಚಿಕ್ಕಮ್ಮನ, ಸೋದರಮಾವನ ಸಂಗತಿಗಳೂ ಹೊರಬೀಳುತ್ತವೆ. ಇವೆಲ್ಲ ಆ ಕಾರ್ಯಕರ್ತೆಗೆ ಗೊತ್ತು.

ಈಗ ಆಕೆ ಕೆಲಸ ಬಿಟ್ಟು ಬಂದು ನಮ್ಮ ನಡುವೆಯೇ, ಹುಕ್ಕೇರಿಯಲ್ಲೋ ಸಂಕೇಶ್ವರದಲ್ಲೋ, ಗೃಹಿಣಿಯಾಗಿ ನೆಲೆಸುತ್ತಾಳೆನ್ನೋಣ. ಪರ್ಯೂಷಣದಲ್ಲಿ ಬಸದಿಯ ಜಗಲಿಯ ಮೇಲೆ ಕುಳಿತ ಹೆಂಗಸರಲ್ಲಿ ಒಬ್ಬಳು, ಇಂಥವರ ಮನೆಯ ಹುಡುಗಿಯನ್ನು ನೋಡಹೊರಟಿದ್ದೇವೆ, ನಿಮಗೆ ಅವರ ಪರಿಚಯವಿದೆಯಂತಲ್ಲ, ಎನ್ನುತ್ತಾಳೆ. ಆ ಹುಡುಗಿಯ ತಮ್ಮನ ವಹಿಯ ಪುಟ ಈಕೆಯ ಕಣ್ಣ ಮುಂದೆ ಬರುತ್ತದೆ. ಆಗ ಮಾತಿನ ಅಗತ್ಯವೂ ಇಲ್ಲ, ಮುಖ ಸ್ವಲ್ಪ ಬಾಡಿದರೆ ಸಾಕು. ಒಂದು ಸಂಬಂಧ ಮುರಿಯುತ್ತದೆ, ವರ್ಷದೊಳಗೆ ಆ ಮನೆಗೆ ಗಂಡು ಕೇಳುವವರೇ ಇಲ್ಲದಂತಾಗುತ್ತದೆ. ನಾನು ಹೇಳಿದ್ದು ಸುಳ್ಳಲ್ಲವಲ್ಲ ಎಂಬ ಸಮಾಧಾನ ಇಲ್ಲಿ ನಡೆಯದು. ರಹೋಭ್ಯಾಖ್ಯಾನ, ಅಂದರೆ ಏಕಾಂತದಲ್ಲಿ ತಿಳಿದುದನ್ನು ಹೊರಗೆಡಹುವುದು, ಸತ್ಯವ್ರತದ ಅತಿಚಾರವೆಂದೇ ಆಚಾರ್ಯರು ಎಣಿಸಿದ್ದಾರೆ. ಸತ್ಯವನ್ನು ನುಡಿದೇ ಸತ್ಯವ್ರತಕ್ಕೆ ಕಳಂಕ ತರಬಹುದೆಂಬ ಈ ಸೂಕ್ಷ್ಮ ಬಹು ದೊಡ್ಡದು. ಹುಡುಗಿಯ ಮನೆಯವರು ಗಂಡಿನ ಕಡೆಯವರಿಗೆ ಹೇಳಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ. ಹೇಳಬೇಕೆಂದೇ, ಮದುವೆಗೆ ಮುಂಚೆ ಪರೀಕ್ಷೆಯಾಗಬೇಕೆಂದೇ ನನ್ನ ಅಭಿಪ್ರಾಯ. ಆದರೆ ಹೇಳತಕ್ಕವರು ಅವರು. ಈಕೆಯಲ್ಲ.

ಅಂದಮೇಲೆ ಸೇವೆ ನಿಯಮವಾದರೂ ಅದರೊಳಗೆ ಒಂದು ಯಮ ಅಡಗಿತ್ತು. ಸಂಬಳ ನಿಲ್ಲುತ್ತದೆ, ಕಚೇರಿಯ ಕೀಲಿಕೈ ಮರ��ಿಸಲಾಗುತ್ತದೆ, ಮೌನ ಮಾತ್ರ ಆಯುಷ್ಯಪರ್ಯಂತ ನಡೆಯುತ್ತದೆ. ಸೇರುವಾಗ ಈ ಮಾತನ್ನು ಯಾರೂ ಆಕೆಗೆ ಹೇಳಿರುವುದಿಲ್ಲ. ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿರಬಹುದು, ಸಹಿ ವ್ರತವಲ್ಲ. ಬೀಳ್ಕೊಡುಗೆಯ ದಿನವಾದರೂ ಹಿರಿಯರೊಬ್ಬರು ಆಕೆಯನ್ನು ಬದಿಗೆ ಕರೆದು ಸ್ಪಷ್ಟವಾಗಿ ಹೇಳಬೇಕು, ಆಕೆಯೂ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು.

ಸಮಾರಂಭದ ಬಗ್ಗೆ ಎರಡು ಮಾತು. ಹೊಗಳಿಕೆ ಇರಲಿ, ಮಿತವಾಗಿರಲಿ. ಆಕೆಯಿಲ್ಲದೆ ಸಂಸ್ಥೆ ನಡೆಯದೆಂಬ ಮಾತು ಅನೇಕ ಸಭೆಗಳಲ್ಲಿ ಕೇಳಿಬರುತ್ತದೆ. ಅದು ನಿಜವಾದರೆ ಸಂಸ್ಥೆಗೆ ಅವಮಾನ, ಸುಳ್ಳಾದರೆ ಹೇಳಿದವರಿಗೆ. ಅದಕ್ಕಿಂತ ಮುಖ್ಯವಾದುದು, ಆ ಸಭೆಗೆ ಯಾರು ಬಂದಿದ್ದಾರೆಂಬುದು. ಕಾರ್ಯದರ್ಶಿ, ಖಜಾಂಚಿ, ದಾನಿಗಳು ಮುಂದಿನ ಸಾಲಿನಲ್ಲಿರುತ್ತಾರೆ. ಕಥೆ ಒಪ್ಪಿಸಿದ್ದ ತಾಯಿಗೆ ಸುದ್ದಿಯೇ ತಿಳಿದಿರುವುದಿಲ್ಲ. ಮುಂದಿನ ಹದಿನೈದು ದಿನಕ್ಕೆ ಫೋನು ಮಾಡಿದಾಗ ಬೇರೊಂದು ದನಿ ಕೇಳಿ ಗಾಬರಿಯಾಗುತ್ತಾಳೆ. ಬೀಳ್ಕೊಡುವ ಹಕ್ಕು ಮೊದಲು ಆ ಮನೆಗಳದು. ಅವರಿಗೆ ತಿಂಗಳ ಮೊದಲೇ, ಕಾರ್ಯಕರ್ತೆಯ ಬಾಯಿಂದಲೇ, ಹೋಗುವ ಸುದ್ದಿ ತಿಳಿಯಬೇಕು. ಕಾರಣ ಕೇಳಿದರೆ ನಿಜವಾದ ಕಾರಣವನ್ನೇ ಹೇಳಬೇಕು. ಸಂಬಳಕ್ಕಾಗಿ ಎಂದರೆ ಅವರು ತಿರಸ್ಕರಿಸುವುದಿಲ್ಲ. ಹಣದ ಕಷ್ಟವನ್ನು ಅವರಿಗಿಂತ ಹೆಚ್ಚು ಬಲ್ಲವರಾರು? ಕ್ಷಮಾವಣಿಯ ದಿನ ನಾವು ನೆರೆಹೊರೆಯವರ ಮುಂದೆ ಕೈಮುಗಿದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವಂತೆ, ತಡವಾಗಿ ಎತ್ತಿದ ಫೋನಿಗೆ, ಮರೆತ ಕಾಗದಕ್ಕೆ, ಬಳಲಿದ ದಿನ ಆಡಿದ ಬಿರುಸು ಮಾತಿಗೆ ಆಕೆ ಕ್ಷಮೆ ಕೇಳಬಹುದು. ಕೇಳಿದಾಗ ಆ ತಾಯಂದಿರು ಅತ್ತುಬಿಡುತ್ತಾರೆ, ಆದುದರಿಂದ ಬೇಡ, ಎನ್ನುವ ಆಡಳಿತದವರೂ ಇದ್ದಾರೆ. ಅಳಲಿ.

ಕೊನೆಗೊಂದು ಸಂದೇಹ ಉಳಿಯುತ್ತದೆ. ಹೋದ ಮೇಲೆ, ಒಂದು ರಾತ್ರಿ ಮಗುವಿಗೆ ಉಸಿರು ಕಟ್ಟಿದಾಗ, ಆ ತಾಯಿಯ ಬೆರಳು ಅಭ್ಯಾಸಬಲದಿಂದ ಹಳೆಯ ಅಂಕಿಯನ್ನೇ ಒತ್ತುತ್ತದೆ. ಆಗ ಈಕೆ ಏನು ಮಾಡಬೇಕು? ಪರಗಣಕ್ಕೆ ಹೋದವಳು ಹಳೆಯ ಗಣದ ಕರೆಗೆ ಓಗೊಡಬಾರದೆಂದು ವಾದಿಸಬಹುದು. ಹಾಗೆ ಕಟ್ಟುನಿಟ್ಟಾಗಿ ಅಂಕಿಯನ್ನೇ ಬದಲಿಸಿಕೊಂಡವರನ್ನು ನಾನು ಬಲ್ಲೆ, ಅವರನ್ನು ದೂಷಿಸುವುದಿಲ್ಲ. ಆದರೂ ನನ್ನ ಮನಸ್ಸು ಒಪ್ಪುವುದು ಬೇರೆ ರೀತಿಯನ್ನು. ಫೋನು ಎತ್ತಬೇಕು. ಮೊದಲು ಮಗುವನ್ನು ಹತ್ತಿರದ ಆಸ್ಪತ್ರೆಗೆ ಒಯ್ಯಲು ೧೦೮ಕ್ಕೆ ಕರೆ ಮಾಡಿಸಬೇಕು. ಬಳಿಕ ತಾನೇ ಹೊಸಬಳಿಗೆ ಕರೆ ಮಾಡಿ ಎಬ್ಬಿಸಿ, ಆ ತಾಯಿಗೆ ಆಕೆಯ ಕೈಯಿಂದಲೇ ಮರಳಿ ಫೋನು ಮಾಡಿಸಬೇಕು. ಬೆಳಗ್ಗೆ ಮಗು ಹೇಗಿದೆಯೆಂದು ಈಕೆ ಕೇಳಬೇಕಾದುದು ಆ ತಾಯಿಯನ್ನಲ್ಲ, ಹೊಸಬಳನ್ನು.